ಮ್ಯಾಪ್ ಯುವರ್ ನೇಬರ್‌ಹುಡ್: ಪುಕ್ಕಟೆ ಪುಸ್ತಕ, ಕೆಲಸ ಗಟ್ಟಿ

ಸಿಯಾಟಲ್, ಬೆಲ್ವ್ಯೂ ಕಡೆ ಇರುವ ಕನ್ನಡದವರೇ, ಇದನ್ನೊಮ್ಮೆ ನೋಡಿ. ಆ್ಯಪ್ ಅಲ್ಲ. ವಾಷಿಂಗ್ಟನ್ ರಾಜ್ಯದ ತುರ್ತು ನಿರ್ವಹಣಾ ವಿಭಾಗದವರು ಪುಕ್ಕಟೆ ಕೊಡುವ ತೆಳ್ಳನೆ ಪುಸ್ತಕ. ಹದಿನೈದು ಇಪ್ಪತ್ತು ಮನೆಯವರು ಯಾರದಾದರೂ ಹಾಲ್‌ನಲ್ಲಿ ಒಂದೂವರೆ ಗಂಟೆ ಕೂತು ತುಂಬಬೇಕು. ಭೂಕಂಪ ಆದ ಕೂಡಲೇ ಏನು ಮಾಡಬೇಕು ಅನ್ನುವುದನ್ನು 9 ಹೆಜ್ಜೆಯಲ್ಲಿ ಹೇಳಿದ್ದಾರೆ.

ಭೂಕಂಪ ಎಲ್ಲಿ ಆಗುತ್ತೆ ಬಿಡಿ ಅನ್ನಬೇಡಿ. 2001ರ ಫೆಬ್ರವರಿಯಲ್ಲಿ ಇಲ್ಲೇ 6.8 ತೀವ್ರತೆಯದ್ದು ಆಗಿತ್ತು. ಅದೂ ಬೇಡ, 2024ರ ನವೆಂಬರ್ ಬಿರುಗಾಳಿಗೆ ಮರ ಬಿದ್ದು ಈ ಕಡೆ ಎಷ್ಟೋ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, ನೆನಪಿದೆ ಅಲ್ವಾ? ಫೋನ್ ಚಾರ್ಜ್ ಮುಗಿದ ಮೇಲೆ ಬೀದಿಯ ವಾಟ್ಸಾಪ್ ಗ್ರೂಪ್ ಇದ್ದೂ ಇಲ್ಲದ ಹಾಗೆ.

ನನಗೆ ಜಾಸ್ತಿ ಹಿಡಿಸಿದ್ದು ನಕ್ಷೆ. ಬೀದಿಯ ಚಿತ್ರ ನಾವೇ ಬರೆಯಬೇಕು, ಪ್ರತಿ ಮನೆಯ ಗ್ಯಾಸ್ ಮೀಟರ್ ಯಾವ ಗೋಡೆಗಿದೆ ಅಂತ ಗುರುತು ಹಾಕಬೇಕು. ಊರಲ್ಲಿ ಸಿಲಿಂಡರ್‌ನ ರೆಗ್ಯುಲೇಟರ್ ತಿರುಗಿಸಿದರೆ ಮುಗಿಯಿತು. ಇಲ್ಲಿ ಮನೆ ಹೊರಗೆ ಮೀಟರ್ ಪಕ್ಕದ ವಾಲ್ವನ್ನು ಸ್ಪ್ಯಾನರ್ ಹಾಕಿ ಕಾಲು ಸುತ್ತು ತಿರುಗಿಸಬೇಕು, ಅದು ಪೈಪಿಗೆ ಅಡ್ಡ ನಿಂತರೆ ಬಂದ್ ಆಯಿತು ಅಂತ ಅರ್ಥ. ಆದರೆ ವಾಸನೆ ಬಂದರೆ ಅಥವಾ ಬುಸ್ ಅನ್ನುವ ಸದ್ದು ಕೇಳಿದರೆ ಮಾತ್ರ ಮುಟ್ಟಿ. ಸುಮ್ನೆ ಬಂದ್ ಮಾಡಿದರೆ ಮತ್ತೆ ಚಾಲೂ ಮಾಡಲು ಗ್ಯಾಸ್ ಕಂಪನಿಯವರೇ ಬರಬೇಕು, ದೊಡ್ಡ ಅನಾಹುತದ ನಂತರ ಅವರು ಯಾವಾಗ ಬರುತ್ತಾರೋ ದೇವರೇ ಬಲ್ಲ.

ಇನ್ನೊಂದು, ಕಾರ್ಡು. ಒಂದು ಬದಿ ‘ಓಕೆ’, ಇನ್ನೊಂದು ಬದಿ ‘ಹೆಲ್ಪ್’. ಕಿಟಕಿಗೆ ಅಂಟಿಸಿ, ಮೊದಲೇ ಗೊತ್ತು ಮಾಡಿಕೊಂಡ ಜಾಗಕ್ಕೆ ಎಲ್ಲರೂ ಬರಬೇಕು. ಅಲ್ಲಿಂದ ತಂಡ ಮಾಡಿಕೊಂಡು ‘ಹೆಲ್ಪ್’ ಇರುವ ಮನೆಗೆ, ಮತ್ತೆ ಕಾರ್ಡೇ ಕಾಣದ ಮನೆಗೆ ಹೋಗಿ ನೋಡುವುದು. ಏನೂ ಅಂಟಿಸದ ಮನೆಯನ್ನೂ ಲೆಕ್ಕಕ್ಕೆ ತಗೊಂಡಿದ್ದಾರಲ್ಲ, ಅದು ಜಾಣತನ. ಯಾರ ಹತ್ತಿರ ಜನರೇಟರ್ ಇದೆ, ಯಾರು ನರ್ಸ್, ಯಾರಿಗೆ ಗರಗಸ ಹಿಡಿದು ಅಭ್ಯಾಸ ಅನ್ನುವ ಪಟ್ಟಿಯೂ ಇದೆ.

ಈಗ ಕೊರತೆ. ವಯಸ್ಸಾದವರು, ಒಬ್ಬಂಟಿ ಮಕ್ಕಳು, ಅಂಗವಿಕಲರು ಇರುವ ಮನೆಗಳನ್ನು ಬರೆದಿಡಿ ಅನ್ನುತ್ತಾರೆ, ಸರಿ. ಆದರೆ ನಮ್ಮಂಥವರ ಮನೆಗೆ ಅಪ್ಪ ಅಮ್ಮ ಊರಿಂದ ಬಂದು ಆರು ತಿಂಗಳು ಇದ್ದು ಹೋಗುತ್ತಾರೆ. ಪಟ್ಟಿ ತುಂಬಿದ ದಿನ ಅವರು ಇರುವುದಿಲ್ಲ, ಬಂದ ಮೇಲೆ ಯಾರೂ ಸೇರಿಸುವುದಿಲ್ಲ. ಹಗಲು ನಾವೆಲ್ಲ ಆಫೀಸಿನಲ್ಲಿ, ಅವರಿಬ್ಬರೇ ಮನೆಯಲ್ಲಿ. ಬಾಗಿಲು ತಟ್ಟಿದ ಪಕ್ಕದ ಮನೆಯವನ ಇಂಗ್ಲಿಷ್ ಅಮ್ಮನಿಗೆ ಹತ್ತುವುದಿಲ್ಲ, ಗುರುತಿಲ್ಲದವರಿಗೆ ಬಾಗಿಲು ತೆಗೆಯಬೇಡಿ ಅಂತ ಹೇಳಿಕೊಟ್ಟವರೂ ನಾವೇ! ಬಾಡಿಗೆಯವರ ಕಥೆಯೂ ಅಷ್ಟೆ, ವರ್ಷ ತುಂಬುವಷ್ಟರಲ್ಲಿ ಹೆಸರು ಬದಲು.

ಐದಕ್ಕೆ ನಾಲ್ಕು ಕೊಡುತ್ತೇನೆ. ತರಿಸಿಕೊಂಡರೆ ಪಟ್ಟಿಯ ಅಂಚಿನಲ್ಲಿ ‘ಊರಿಂದ ಬಂದವರು, ಎಲ್ಲಿಯವರೆಗೆ, ಯಾವ ಭಾಷೆ’ ಅಂತ ಒಂದು ಕಾಲಂ ಪೆನ್ಸಿಲ್‌ನಲ್ಲಿ ಎಳೆದುಕೊಳ್ಳಿ, ಅಮ್ಮ ಬಂದ ವಾರವೇ ಕರೆದುಕೊಂಡು ಹೋಗಿ ಅಕ್ಕಪಕ್ಕದವರ ಪರಿಚಯ ಮಾಡಿಸಿ.