ಆರ್ 4.3: ಕನ್ನಡ ಮೂಡಿತು, ಪ್ಯಾಕೇಜುಗಳು ಕಾಣೆಯಾದವು

ಸಿಂಧನೂರು ತಾಲ್ಲೂಕಿನ ಭತ್ತದ ಬೆಳೆಗಾರರ ಸಮೀಕ್ಷೆ ನನ್ನ ಪಿಎಚ್.ಡಿ. ವಿಷಯ. ಊರು, ತಳಿ, ಕಾಲುವೆ ಎಲ್ಲದರ ಹೆಸರನ್ನೂ ರೈತರು ಹೇಳಿದ ಹಾಗೇ ಕನ್ನಡದಲ್ಲಿ ತುಂಬಿದ್ದೇನೆ. ವಿಶ್ಲೇಷಣೆಗೆ ಬಳಸುವುದು ‘ಆರ್’ ಎಂಬ ಅಂಕಿ-ಅಂಶಗಳ ಪ್ರೋಗ್ರಾಮಿಂಗ್ ಭಾಷೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅದರ 4.1.3 ಆವೃತ್ತಿ ಇದ್ದಷ್ಟು ದಿನ ಟೇಬಲ್ ತೆರೆದರೆ ‘ಕ’ ಇರಬೇಕಾದ ಕಡೆ ಆ ಅಕ್ಷರದ ಯುನಿಕೋಡ್ ಸಂಖ್ಯೆ ‘ಯು+0ಸಿ95’ ಅಂತ ಬರುತ್ತಿತ್ತು. ಯಾವ ಊರಿನ ಸಾಲು ಅಂತ ತಿಳಿಯಲು ಪ್ರತಿ ಸಲ ಎಕ್ಸೆಲ್ ತೆರೆಯಬೇಕಿತ್ತು. 4.3.2 ಹಾಕಿದ ದಿನ ‘ತುರ್ವಿಹಾಳ’ ಅಂತ ನೆಟ್ಟಗೆ ಮೂಡಿದ್ದು ಕಂಡು ಬಹಳ ಖುಷಿಯಾಯಿತು. ಇದೊಂದಕ್ಕೇ ಅಪ್‌ಗ್ರೇಡ್ ಮಾಡಬಹುದು.

ಆದರೆ ಟೇಬಲ್‌ಗಳನ್ನು ಸೋಸಿ ಜೋಡಿಸುವ ಡಿಪ್ಲೈಯರ್ ಎಂಬ ಪ್ಯಾಕೇಜ್ (ಆರ್‌ಗೆ ಬೇರೆಯಾಗಿ ಹಾಕಿಕೊಳ್ಳುವ ಸೇರ್ಪಡೆ) ಕರೆದರೆ, ಆ ಹೆಸರಿನ ಪ್ಯಾಕೇಜೇ ಇಲ್ಲ ಎಂದಿತು. ನಾನು ಹಾಕಿಕೊಂಡಿದ್ದ 137 ಪ್ಯಾಕೇಜುಗಳಲ್ಲಿ ಒಂದೂ ಕಾಣಲಿಲ್ಲ. ಅಳಿಸಿ ಹೋಗಿರಲಿಲ್ಲ. ಆರ್ 4.1, 4.2, 4.3 ಹೀಗೆ ಪ್ರತಿಯೊಂದಕ್ಕೂ ಪ್ಯಾಕೇಜುಗಳಿರುವ ಬೇರೆ ಲೈಬ್ರರಿ ಫೋಲ್ಡರ್ ಇಡುತ್ತದೆ, 4.3.1ರಿಂದ 4.3.2ಕ್ಕೆ ಹೋದರೆ ತೊಂದರೆಯಿಲ್ಲ, 4.1ರಿಂದ 4.3ಕ್ಕೆ ಹೋದರೆ ಖಾಲಿ ಮನೆ. ಮೇಲಾಗಿ, ಮೊದಲು ಡಾಕ್ಯುಮೆಂಟ್ಸ್ ಒಳಗಿದ್ದ ಆ ಫೋಲ್ಡರ್ 4.2ರಿಂದ ಆಪ್‌ಡೇಟಾದೊಳಗಿನ ಲೋಕಲ್‌ಗೆ ಹೋಗಿದೆ. ಆಪ್‌ಡೇಟಾ ಸಾಮಾನ್ಯವಾಗಿ ಕಣ್ಣಿಗೆ ಬೀಳದ ಫೋಲ್ಡರ್. ‘ಲಿಬ್‌ಪಾತ್ಸ್’ ಕಮಾಂಡ್ ಕೊಟ್ಟ ಮೇಲೆಯೇ ದಾರಿ ಗೊತ್ತಾಯಿತು.

ಹಳೆಯ ಫೋಲ್ಡರನ್ನು ಹಾಗೇ ನಕಲು ಮಾಡಿ ಹಾಕಿದೆ. ಬರೀ ಆರ್‌ನಲ್ಲಿ ಬರೆದವು ಎಚ್ಚರಿಕೆ ಕೊಟ್ಟು ಓಡಿದವು. ಸಿ++ ಎಂಬ ಇನ್ನೊಂದು ಭಾಷೆಯ ಕೋಡ್ ಇರುವ ಒಂದು ಪ್ಯಾಕೇಜ್ ಕರೆದ ಕೂಡಲೇ ಸೆಷನ್ನೇ ಮುಚ್ಚಿಹೋಯಿತು. ಕಾರಣ ಓದಿದಾಗ ಬೇಸರ ಕಡಿಮೆಯಾಯಿತು. 2022ರ ಏಪ್ರಿಲ್‌ನಲ್ಲಿ ಬಂದ 4.2ರಲ್ಲಿ ವಿಂಡೋಸ್ ಆವೃತ್ತಿಯನ್ನು ಯುಸಿಆರ್‌ಟಿ ಎಂಬ ಹೊಸ ಸಿ ರನ್‌ಟೈಮ್ (ಪ್ರೋಗ್ರಾಮುಗಳು ಓಡಲು ಬೇಕಾದ ಮೂಲ ಕೋಡ್) ಮೇಲೆ ಕಟ್ಟಿದ್ದಾರೆ. ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಬರೆದಿಡುವ ಯುಟಿಎಫ್-8 ವಿಧಾನ ಸಾಧ್ಯವಾದದ್ದು ಅದರಿಂದ, ಮೊದಲೇ ಯಂತ್ರಭಾಷೆಗೆ ಬದಲಾಯಿಸಿದ್ದ (ಕಂಪೈಲ್ ಆದ) ಹಳೆಯ ಪ್ಯಾಕೇಜುಗಳು ಒಗ್ಗದಿದ್ದುದೂ ಅದರಿಂದಲೇ. ಕನ್ನಡ ಬೇಕಿದ್ದರೆ ಈ ಕೆಲಸ ತಪ್ಪಿದ್ದಲ್ಲ.

ನಕಲು ಮಾಡಿದ್ದನ್ನೆಲ್ಲ ತೆಗೆದುಹಾಕಿದೆ. ಹಳೆಯ ಫೋಲ್ಡರಿನಿಂದ ಹೆಸರುಗಳ ಪಟ್ಟಿ ಮಾತ್ರ ತೆಗೆದು, ಪ್ರಬಂಧಕ್ಕೆ ನಿಜವಾಗಿ ಬೇಕಾದ 58ನ್ನು ಆರಿಸಿ ‘ಇನ್‌ಸ್ಟಾಲ್ ಡಾಟ್ ಪ್ಯಾಕೇಜಸ್’ಗೆ ಕೊಟ್ಟೆ. ಹಾಸ್ಟೆಲ್ ವೈಫೈನಲ್ಲಿ ಸುಮಾರು ಮುಕ್ಕಾಲು ಗಂಟೆ ಹಿಡಿಯಿತು. ಕೋಡ್ ಹಂಚುವ ತಾಣ ಗಿಟ್‌ಹಬ್‌ನಿಂದ ತಂದಿದ್ದ ಎರಡು ಆರ್‌ನ ಅಧಿಕೃತ ಪ್ಯಾಕೇಜ್ ಭಂಡಾರ ಕ್ರ್ಯಾನ್‌ನಲ್ಲಿ ಸಿಗಲಿಲ್ಲ, ಅವನ್ನು ‘ರಿಮೋಟ್ಸ್’ ಪ್ಯಾಕೇಜ್ ಮೂಲಕ ಬೇರೆ ತರಬೇಕಾಯಿತು. ನಕಲು ಮಾಡಿ ‘ಚೆಕ್‌ಬಿಲ್ಟ್’ (ಹಳೆಯ ಆರ್‌ನಲ್ಲಿ ಕಟ್ಟಿದ ಪ್ಯಾಕೇಜುಗಳನ್ನೂ ಹೊಸದಾಗಿ ಹಾಕುವ ಆಯ್ಕೆ) ಜೊತೆ ಅಪ್‌ಡೇಟ್ ಮಾಡುವ ದಾರಿಯೂ ಇದೆ. ಆದರೆ ವರ್ಷಗಟ್ಟಲೆ ಮುಟ್ಟದ ಪ್ಯಾಕೇಜುಗಳೂ ಜೊತೆಗೆ ಬರುತ್ತವೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೊಸ ಆವೃತ್ತಿ ಮೊದಲ ಸಲ ತೆರೆದಾಗ ‘ನಿಮ್ಮ ಹಳೆಯ ಲೈಬ್ರರಿ ಇಲ್ಲಿದೆ’ ಎಂದು ಒಂದು ಸಾಲು ತೋರಿಸಿದ್ದರೆ ಐದೂ ಕೊಡುತ್ತಿದ್ದೆ. 4.1.3 ಮತ್ತು ಅದರ ಫೋಲ್ಡರ್ ಎರಡನ್ನೂ ಇನ್ನೂ ಅಳಿಸಿಲ್ಲ. ಎರಡು ಆವೃತ್ತಿಗಳೂ ಒಂದೇ ಯಂತ್ರದಲ್ಲಿ ಜೊತೆಗಿರುತ್ತವೆ. ಮೂರನೇ ಅಧ್ಯಾಯದ ಅಂಕಿಗಳು ಎರಡರಲ್ಲೂ ಒಂದೇ ಬರುತ್ತವೆಯೇ ಎಂದು ನೋಡಿದ ಮೇಲೆಯೇ ತೆಗೆಯುತ್ತೇನೆ.