ತೋಟದ ಬಟವಾಡೆ ಲೆಕ್ಕಕ್ಕೆ ಯಾವ ಯುಎಂಎಲ್ ಸಾಧನ?

ತಂತ್ರಾಂಶದ ರಚನೆಯನ್ನು ನಕ್ಷೆಯಾಗಿ ಬರೆಯುವ ಗುರುತುಗಳ ಭಾಷೆಯೇ ಯುಎಂಎಲ್. ಪ್ಲಾಂಟ್‌ಯುಎಂಎಲ್, ಅಂಬ್ರೆಲ್ಲೊ, ಮೊಡೆಲಿಯೊ ಎಂಬ ಅದರ ಮೂರು ಸಾಧನಗಳಿಗೂ ಕೊಟ್ಟ ಕೆಲಸ ಒಂದೇ: ಕಾಫಿ ತೋಟದ ರೈಟರ್ ಬರೆಯುವ ಕುಯ್ಲಿನ ಲೆಕ್ಕ. ಕಾರ್ಮಿಕ, ತೂಕ, ದರ, ಮುಂಗಡ, ಬಟವಾಡೆ ಎಂದು ಐದು ಕ್ಲಾಸ್ (ಒಂದೊಂದು ಬಗೆಯ ಮಾಹಿತಿಯ ಅಚ್ಚು). ಅರೇಬಿಕಾಕ್ಕೆ ಒಂದು ದರ, ರೋಬಸ್ಟಾಕ್ಕೆ ಇನ್ನೊಂದು. ನಡುವೆ ದರ ಏರಿದರೂ ಹಿಂದಿನ ವಾರ ತೂಗಿದ್ದಕ್ಕೆ ಹಳೆಯ ದರವೇ ನಿಲ್ಲಬೇಕು. ಹಾಗಾಗಿ ಪ್ರತಿ ತೂಕವೂ ಜಾರಿ ದಿನಾಂಕವಿರುವ ಒಂದೇ ದರಕ್ಕೆ ಜೋಡಣೆಯಾಗಬೇಕು.

ಪ್ಲಾಂಟ್‌ಯುಎಂಎಲ್‌ನಲ್ಲಿ ಈ ಜೋಡಣೆಗೆ ಒಂದು ಸಾಲು ಸಾಕು. ಎಲ್ಲವೂ ಬರಿಯ ಪಠ್ಯವಾದ್ದರಿಂದ ಏನು ಬದಲಾಯಿತೆಂದು ಗಿಟ್‌ನಲ್ಲಿ (ಫೈಲಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ) ಸಾಲು ಸಾಲಾಗಿ ಕಾಣುತ್ತದೆ. ನಕ್ಷೆ ಮೂಡಿಸಿಕೊಡುವ ಆನ್‌ಲೈನ್ ಸರ್ವರನ್ನು ಮಾತ್ರ ನೆಚ್ಚಬೇಡಿ. ಕಕ್ಕಡದ ಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಜಾವಾದಲ್ಲಿ ಓಡುವ ಅದರ ಜಾರ್ ಫೈಲನ್ನೇ ಇಳಿಸಿಟ್ಟುಕೊಂಡರೆ ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ.

ತೊಡಕು ಬರುವುದು ಮೂರು ಕಡೆ. ಕೆಲಸದ ಕ್ರಮ ತೋರಿಸುವ ಸೀಕ್ವೆನ್ಸ್ ನಕ್ಷೆ ತಾನಾಗಿಯೇ ಮೂಡುತ್ತದೆ, ಆದರೆ ಕ್ಲಾಸ್ ನಕ್ಷೆಗೆ ಪೆಟ್ಟಿಗೆ, ಗೆರೆಗಳನ್ನು ಜೋಡಿಸುವ ಗ್ರಾಫ್‌ವಿಜ್ ತಂತ್ರಾಂಶ ಬೇಕು. ಅದಿಲ್ಲದಿದ್ದರೆ ಲೇಔಟ್ ಪ್ರಾಗ್ಮಾದಲ್ಲಿ (ಫೈಲಿನಲ್ಲೇ ಬರೆಯುವ ಸೂಚನೆ) ಒಳಗೇ ಇರುವ ಬದಲಿ ಸ್ಮೆಟಾನಾದ ಹೆಸರು ಕೊಡಿ. ವಿಂಡೋಸ್‌ನಲ್ಲಿ ಕನ್ನಡ ಹೆಸರು ಕಲಸಿಹೋದರೆ ಚಾರ್‌ಸೆಟ್ ಆಯ್ಕೆಯಲ್ಲಿ ಯುಟಿಎಫ್-8 ಕೊಟ್ಟು, ನೋಟೋ ಸಾನ್ಸ್ ಕನ್ನಡ ಫಾಂಟನ್ನು ಹೆಸರಿಸಿ. ನಕ್ಷೆಯನ್ನು ಎಸ್‌ವಿಜಿ ಚಿತ್ರವಾಗಿ ತೆಗೆದರೆ ಅದರಲ್ಲಿ ಪದದ ಅಗಲವನ್ನು ಮೊದಲೇ ಅಳೆದು ಬರೆದಿರುತ್ತದೆ. ನೋಡುವವರ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರಗಳು ಎಳೆದಾಡಿದಂತಾಗುತ್ತವೆ. ಅಂಥವರಿಗೆ ಪಿಎನ್‌ಜಿ ಕಳಿಸಿ. ಅದು 4096 ಪಿಕ್ಸೆಲ್ ದಾಟಿದರೆ ಅಂಚು ಕತ್ತರಿಸುತ್ತದೆ, ಮಿತಿಯನ್ನು ನೀವೇ ಹಿಗ್ಗಿಸಬೇಕು.

ಇಷ್ಟಾದರೂ ಇದು ಕೋಡ್ ಬರೆದುಕೊಡುವುದಿಲ್ಲ. ಆ ಕೆಲಸಕ್ಕೆ ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದ ಅಂಬ್ರೆಲ್ಲೊ ಇದೆ: ಸಿ++, ಜಾವಾ, ಪೈಥಾನ್ ಕೋಡ್ ಹೊರಡಿಸುತ್ತದೆ, ಇರುವ ಕೋಡನ್ನು ಓದಿಕೊಳ್ಳುತ್ತದೆ. ಓದಿದ ಮೇಲೆ ನಕ್ಷೆ ಖಾಲಿ ಕಂಡರೆ ಗಾಬರಿ ಬೇಡ. ಕ್ಲಾಸ್‌ಗಳು ಎಡಗಡೆಯ ಪಟ್ಟಿಯಲ್ಲಿರುತ್ತವೆ, ಒಂದೊಂದನ್ನೇ ಎಳೆದು ತರಬೇಕು. ಹೊಸ ಕೋಡ್ ಹೊರಡಿಸುವಾಗ ‘ಹಳೆಯದರ ಮೇಲೆ ಬರೆ’ ಆಯ್ಕೆ ಇದ್ದರೆ ಕೈಯಾರೆ ಬರೆದದ್ದೆಲ್ಲ ಹೋಯಿತೆಂದೇ ಲೆಕ್ಕ. ಪೆಟ್ಟಿಗೆಯನ್ನು ಚೂರು ಸರಿಸಿದರೂ ನಕ್ಷೆಯನ್ನು ಉಳಿಸಿಡುವ ಎಕ್ಸ್‌ಎಂಐ ಫೈಲ್ ಬದಲಾಗುವುದರಿಂದ ಗಿಟ್‌ನಲ್ಲಿ ಇಬ್ಬರ ಕೆಲಸ ಬೆಸೆಯುವುದು ರಗಳೆ.

ಇನ್ನೊಂದು ಸಾಧನ ಆರ್ಗೋಯುಎಂಎಲ್ ಯುಎಂಎಲ್‌ನ ಹಳೆಯ 1.4 ಆವೃತ್ತಿಯಲ್ಲೇ ನಿಂತಿದೆ, ಅನ್‌ಡೂ ಕೂಡ ಇಲ್ಲ. ಅದನ್ನು ಸರದಿಗೇ ಸೇರಿಸಲಿಲ್ಲ.

ಮೊಡೆಲಿಯೊ ಭಾರದ ಆಳು. ಎಕ್ಲಿಪ್ಸ್ ಎಂಬ ತಂತ್ರಾಂಶ ವೇದಿಕೆಯ ಆಧಾರದ್ದು, ಯುಎಂಎಲ್ ಜೊತೆ ಕೆಲಸದ ಹರಿವು ಬರೆಯುವ ಬಿಪಿಎಂಎನ್ ಕೂಡ ಇದೆ, ತಪ್ಪು ಜೋಡಣೆಯನ್ನು ಅದರ ಆಡಿಟ್ ಆಗಿಂದಾಗಲೇ ತೋರಿಸುತ್ತದೆ. ಐದು ಕ್ಲಾಸಿಗೆ ಇದು ಅತಿಯಾಯಿತು. ಹಲವು ತೋಟಗಳ ಲೆಕ್ಕ, ಗೋದಾಮು, ಮಾರಾಟ ಎಲ್ಲ ಒಂದೇ ಜಾವಾ ತಂತ್ರಾಂಶಕ್ಕೆ ಬರುವುದಾದರೆ ಕೋಡ್ ಹೊರಡಿಸುವ ಜಾವಾ ಡಿಸೈನರ್ ಮಾಡ್ಯೂಲಿನ ಸಮೇತ ಇದನ್ನೇ ಹಿಡಿಯಿರಿ. ಮಾಡೆಲ್‌ನಿಂದ ಕೋಡ್ ಹೊರಡಿಸುವ ಬಗೆಯಲ್ಲಿ, ಅದು ಗುರುತು ಹಾಕಿದ ಬದಲಿಸಬಹುದಾದ ಜಾಗದ ಒಳಗೇ ಬರೆಯಿರಿ. ಹೊರಗೆ ಬರೆದದ್ದು ಮುಂದಿನ ಸಲ ಅಳಿಸಿಹೋಗುತ್ತದೆ.