ಹಳೆಯ ಡ್ರಾಯರೋ, ಕಪಾಟೋ, ಹೊಸ ಪೆಟ್ಟಿಗೆಯೋ?

ಅಟ್ಟದ ಹಲಸಿನ ಕಪಾಟು, ಮುರಿದ ಮೇಜಿನ ಡ್ರಾಯರು: ಇವುಗಳಲ್ಲಿ ಯಾವುದನ್ನು ಜೇನಿಗೆ ಬಿಡಲಿ, ಇಲ್ಲವೇ ಹೊಸ ಪೆಟ್ಟಿಗೆಯನ್ನೇ ಕೊಳ್ಳಲೇ ಎಂದು ಕೇಳಿದ್ದೀರಿ. ಯಾವ ಜೇನು ಎಂಬುದರ ಮೇಲೆ ಉತ್ತರ ನಿಂತಿದೆ.

ಮುಜಂಟಿ ಎಂಬ ಪುಟ್ಟ ಜೇನಿಗೆ ಡ್ರಾಯರ್ ಧಾರಾಳ. ಮೇಲೊಂದು ಹಲಗೆ ಬಡಿದು, ಪೆನ್ಸಿಲ್ ತೂರುವಷ್ಟು ತೂತು ಕೊರೆಯಿರಿ. ಸಂದುಗೊಂದುಗಳನ್ನು ಅವೇ ಅಂಟಿನಿಂದ ಮೆತ್ತಿ, ಬಾಗಿಲಿಗೆ ಮೇಣದ ಕೊಳವೆ ಕಟ್ಟಿಕೊಳ್ಳುತ್ತವೆ. ಖರ್ಚು ನಾಲ್ಕು ಮೊಳೆ. ಚುಚ್ಚುವುದಿಲ್ಲವಾದ್ದರಿಂದ ಜಗಲಿಯಲ್ಲೇ ಇಡಬಹುದು. ಜೇನುತುಪ್ಪ ಮಾತ್ರ ಬಟ್ಟಲಿನಷ್ಟು.

ತುಡುವೆ ಲೆಕ್ಕಾಚಾರದ ಜೇನು. ಎರಿ (ಮೇಣದ ಹಲ್ಲೆ) ಕಟ್ಟಲೆಂದು ಪೆಟ್ಟಿಗೆಯೊಳಗೆ ಇಳಿಬಿಡುವ ಚೌಕಟ್ಟಿಗೂ ಗೋಡೆಗೂ ನಡುವೆ ಸುಮಾರು 8 ಮಿಲಿಮೀಟರ್ ಸಂದು ಬೇಕು. ಹೆಚ್ಚಾದರೆ ಅಲ್ಲೂ ಎರಿ ಕಟ್ಟುತ್ತದೆ. ಚೌಕಟ್ಟು ಎತ್ತಿದಾಗ ಅದು ಹರಿದು, ತುಪ್ಪ ಮರಿಗಳ ಮೇಲೆ ಸೋರುತ್ತದೆ. ಕಪಾಟನ್ನು ಇಡಿಯಾಗಿ ಬಿಟ್ಟರೆ ಜೇನು ಕುಟುಂಬ ಕೂರಬಹುದು, ಆದರೆ ತುಪ್ಪಕ್ಕಾಗಿ ಗೂಡನ್ನೇ ಕೊಯ್ಯಬೇಕು. ಅದಕ್ಕಿಂತ ಹಲಗೆ ಬಿಚ್ಚಿ ಅಳತೆಗೆ ಪೆಟ್ಟಿಗೆ ಮಾಡಿಸಿ. ಹಲಸು ಮಳೆಗೆ ಜಗ್ಗುವುದಿಲ್ಲ, ಸಾಮಾನ್ಯ ಪ್ಲೈವುಡ್ ಮಳೆಗೆ ಉಬ್ಬುತ್ತದೆ. ಗೆದ್ದಲಿನ ಔಷಧ ಬಳಿದ ಮರವಂತೂ ಬೇಡವೇ ಬೇಡ.

ಬಡಗಿ ಪರಿಚಯವಿಲ್ಲದಿದ್ದರೆ, ಹತ್ತಾರು ಕುಟುಂಬ ಸಾಕುವ ಯೋಚನೆಯಿದ್ದರೆ ಹೊಸ ಪೆಟ್ಟಿಗೆಯೇ ಸಲೀಸು. ಒಂದೇ ಮಾದರಿಯವಾದರೆ ಒಂದರ ಚೌಕಟ್ಟು ಇನ್ನೊಂದಕ್ಕೆ ಕೂರುತ್ತದೆ.

ಯಾವುದಾದರೂ ಸರಿ, ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ. ಇರುವೆಗೆ ಹಳತು ಹೊಸತೆಂಬ ಭೇದವಿಲ್ಲ.